ದಿ ವುಲ್ಫ್‌ಮ್ಯಾನ್ (2010)

ಜೋ ಜಾನ್‌ಸ್ಟನ್ ನಿರ್ದೇಶಿಸಿದ ಹಾಲಿವುಡ್ ಭಯಾನಕ ಚಿತ್ರ. ಯೂನಿವರ್ಸಲ್ ಸಂಸ್ಥೆಯ 1941ರ 'ದಿ ವುಲ್ಫ್ ಮ್ಯಾನ್'ನ ಮರುನಿರ್ಮಾಣ. ಮೂಲದಲ್ಲಿ ಲಾನ್ ಚೇನಿ ಜೂನಿಯರ್ ಮಾಡಿದ್ದ ಲಾರೆನ್ಸ್ ಟಾಲ್ಬಟ್‌ನ ಪಾತ್ರವನ್ನು ಇಲ್ಲಿ ಬೆನೀಸಿಯೊ ಡೆಲ್ ಟೊರೊ ನಿರ್ವಹಿಸಿದ್ದಾರೆ. ಆಂಟನಿ ಹಾಪ್ಕಿನ್ಸ್, ಎಮಿಲಿ ಬ್ಲಂಟ್, ಹ್ಯೂಗೊ ವೀವಿಂಗ್ ಇತರ ಮುಖ್ಯ ನಟರು.

ಕಥೆ ನಡೆಯುವುದು 1891ರ ಇಂಗ್ಲೆಂಡಿನಲ್ಲಿ. ತನ್ನ ಸಹೋದರ ಕಾಣೆಯಾದ ಸುದ್ದಿ ಕೇಳಿ ತಂದೆಯ ಬಂಗಲೆಗೆ ಮರಳುವ ರಂಗನಟ ಲಾರೆನ್ಸ್, ತೋಳಮಾನವನ ಕಡಿತಕ್ಕೆ ಸಿಕ್ಕಿ ಹುಣ್ಣಿಮೆಯಂದು ತಾನೂ ಮೃಗವಾಗುತ್ತಾನೆ. ಬಳಿಕ ಅವನನ್ನು ಕೂಡಿಹಾಕಿದ ಹುಚ್ಚಾಸ್ಪತ್ರೆಯಲ್ಲಿ, ಅವನದು ಬರೀ ಭ್ರಮೆಯೆಂದು ವೈದ್ಯರು ವಾದಿಸುತ್ತಿರುವಾಗಲೇ ಕುರ್ಚಿಗೆ ಬಿಗಿದ ಅವನ ದೇಹ ರೂಪಾಂತರಗೊಳ್ಳುವ ದೃಶ್ಯ ಗಮನಾರ್ಹ. ತಂದೆಯೂ ತೋಳಮಾನವನೆಂಬುದು ಮೂಲದಲ್ಲಿಲ್ಲದ ತಿರುವು. ಪ್ರಸಾಧನಕ್ಕಾಗಿ ರಿಕ್ ಬೇಕರ್ ಮತ್ತು ಡೇವ್ ಎಲ್ಸಿ ಆಸ್ಕರ್ ಪಡೆದರು.