ಕಾರ್ಮೆನೇರ್

ಕಾರ್ಮೆನೇರ್ ಕೆಂಪು ವೈನ್ ತಯಾರಿಕೆಗೆ ಬಳಸುವ ಕಪ್ಪು ದ್ರಾಕ್ಷಿಯ ಒಂದು ತಳಿ. ಇದರ ಮೂಲ ಫ್ರಾನ್ಸಿನ ಬೋರ್ಡೋ ಪ್ರದೇಶ. ಇಂದು ಇದನ್ನು ಅತಿ ಹೆಚ್ಚಾಗಿ ಬೆಳೆಯುವ ದೇಶಗಳಲ್ಲಿ ದಕ್ಷಿಣ ಅಮೆರಿಕದ ಚಿಲಿ ಪ್ರಮುಖವಾದುದು. ತವರಿನಲ್ಲಿ ಹೆಚ್ಚುಕಡಿಮೆ ಕಣ್ಮರೆಯಾಗಿದ್ದ ಈ ತಳಿ ಚಿಲಿಯಲ್ಲಿ ಸುಮಾರು ಒಂದೂವರೆ ಶತಮಾನ ಕಾಲ ಮೆರ್ಲೋ ಎಂಬ ಬೇರೊಂದು ತಳಿಯ ಹೆಸರಿನಲ್ಲಿ ಬೆಳೆದು, 1994ರಲ್ಲಿ ಗುರುತಿಸಲ್ಪಟ್ಟಿತು. ಕಡಿಮೆ ಬೆಲೆಗೆ ಉತ್ತಮ ಗುಣಮಟ್ಟದ ಕೆಂಪು ವೈನ್ ಹುಡುಕುವವರು ಹೆಸರಿಸುವ ತಳಿಗಳಲ್ಲಿ ಇದೂ ಒಂದು.

ಹೆಸರು ಮತ್ತು ಮೂಲ

ಶರತ್ಕಾಲದಲ್ಲಿ ಇದರ ಎಲೆಗಳು ಕಡುಗೆಂಪಾಗುತ್ತವೆ. ಕಡುಗೆಂಪನ್ನು ಸೂಚಿಸುವ 'ಕಾರ್ಮಾಂ' ಎಂಬ ಫ್ರೆಂಚ್ ಪದದಿಂದ ಹೆಸರು ಬಂದಿದೆ. 'ಗ್ರಾಂಡ್ ವಿದೂರ್' ಎಂಬುದು ಇದರ ಇನ್ನೊಂದು ಹಳೆಯ ಹೆಸರು. ವಂಶವಾಹಿ ಪರೀಕ್ಷೆಗಳ ಪ್ರಕಾರ ಕ್ಯಾಬರ್ನೆ ಫ್ರಾಂಕ್ ಇದರ ಜನಕ ತಳಿಗಳಲ್ಲೊಂದು. ಆದ್ದರಿಂದ ಮೆರ್ಲೋ ಮತ್ತು ಕ್ಯಾಬರ್ನೆ ಸೊವಿನ್ಯೋಂ ತಳಿಗಳಿಗೆ ಇದು ಹತ್ತಿರದ ಬಂಧು.

ಬೋರ್ಡೋದ ಮೆದೋಕ್ ಭಾಗದಲ್ಲಿ ಇದಕ್ಕೆ ಒಳ್ಳೆಯ ಹೆಸರಿತ್ತು. ಆದರೆ ಹೂ ಬಿಡುವ ಸಮಯದಲ್ಲಿ ಚಳಿ, ಮಳೆ ಹಿಡಿದರೆ ಹೂವು ಉದುರಿ ಕಾಯಿ ಕಚ್ಚುವುದಿಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಬೇರು ಹೇನು ಯುರೋಪಿನ ದ್ರಾಕ್ಷಿ ತೋಟಗಳನ್ನು ನಾಶಮಾಡಿತು. ಅಮೆರಿಕದ ಬೇರುಗಿಡಗಳಿಗೆ ಕಸಿ ಕಟ್ಟಿ ತೋಟಗಳನ್ನು ಮರಳಿ ಎಬ್ಬಿಸಿದ ರೈತರು ಇಳುವರಿಯನ್ನು ನೆಚ್ಚಲಾಗದ ಈ ಬಳ್ಳಿಯನ್ನು ಕೈಬಿಟ್ಟರು.

ಚಿಲಿಯಲ್ಲಿ

ಈ ಪಿಡುಗು ತಲೆದೋರುವ ಮೊದಲೇ, 19ನೆಯ ಶತಮಾನದ ಮಧ್ಯಭಾಗದಲ್ಲಿ, ಚಿಲಿಯ ಭೂಮಾಲೀಕರು ಬೋರ್ಡೋದಿಂದ ಬಳ್ಳಿಯ ತುಂಡುಗಳನ್ನು ತರಿಸಿ ನೆಟ್ಟಿದ್ದರು. ಉತ್ತರದ ಮರುಭೂಮಿ, ಪೂರ್ವದ ಆಂಡಿಸ್ ಪರ್ವತ, ಪಶ್ಚಿಮದ ಪೆಸಿಫಿಕ್ ಸಾಗರಗಳ ನಡುವಿನ ಈ ದೇಶಕ್ಕೆ ಫಿಲಾಕ್ಸೆರಾ ಕಾಲಿಡಲಿಲ್ಲ. ಮಳೆಯಿಲ್ಲದ ದೀರ್ಘ ಬೇಸಿಗೆಯೂ ಕಾರ್ಮೆನೇರ್‌ಗೆ ಒಗ್ಗಿತು.

ಮೆರ್ಲೋ ಮತ್ತು ಕಾರ್ಮೆನೇರ್ ಬಳ್ಳಿಗಳು ಒಂದೇ ತೋಟದಲ್ಲಿ ಬೆರೆತು ಬೆಳೆದವು. ಎರಡನ್ನೂ ಮೆರ್ಲೋ ಎಂದೇ ಕರೆಯಲಾಯಿತು. ತೊಂದರೆ ಕೊಯ್ಲಿನಲ್ಲಿತ್ತು. ಕಾರ್ಮೆನೇರ್ ಮಾಗುವುದು ಮೆರ್ಲೋಗಿಂತ ಹಲವು ವಾರ ತಡವಾಗಿ. ಮೆರ್ಲೋ ಹಣ್ಣಾದಾಗ ಕೊಯ್ದರೆ ಉಳಿದ ಗೊಂಚಲುಗಳು ಅರೆಗಾಯಿ. ಕಾದರೆ ಮೆರ್ಲೋ ಬಾಡುತ್ತಿತ್ತು. ಚಿಲಿಯ ಮೆರ್ಲೋ ವೈನಿನಲ್ಲಿ ಕಾಣುತ್ತಿದ್ದ ಹಸಿರು ವಾಸನೆಗೆ ಇದು ಮುಖ್ಯ ಕಾರಣವಾಗಿತ್ತು. ಮಣ್ಣನ್ನೋ ತಯಾರಕರನ್ನೋ ದೂರಿದ್ದರಲ್ಲಿ ಅರ್ಥವಿರಲಿಲ್ಲ.

1994ರ ನವೆಂಬರ್ 24ರಂದು ಮಾಂಪೆಲ್ಯೆಯ ದ್ರಾಕ್ಷಿತಜ್ಞ ಜಾಂ ಮಿಶೆಲ್ ಬೂರ್ಸಿಕೋ ಮೈಪೊ ಕಣಿವೆಯಲ್ಲಿರುವ ವಿನ್ಯಾ ಕಾರ್ಮೆನ್ ಸಂಸ್ಥೆಯ ತೋಟದಲ್ಲಿ ಬಳ್ಳಿಗಳನ್ನು ಪರಿಶೀಲಿಸಿ, ಅವು ಮೆರ್ಲೋ ಅಲ್ಲ, ಕಾರ್ಮೆನೇರ್ ಎಂದು ಗುರುತಿಸಿದರು. ಎಳೆಯ ಎಲೆಯ ಕೆಳಭಾಗ ಮೆರ್ಲೋದಲ್ಲಿ ಬಿಳಿ ಛಾಯೆಯದು, ಕಾರ್ಮೆನೇರ್‌ನಲ್ಲಿ ಕೆಂಪು ಛಾಯೆಯದು. ನಂತರ ನಡೆದ ವಂಶವಾಹಿ ಪರೀಕ್ಷೆಗಳು ಇದನ್ನು ದೃಢಪಡಿಸಿದವು.

ತಯಾರಕರಿಗೆ ಇದು ಸಂತಸದ ಸುದ್ದಿ ಮಾತ್ರವಾಗಿರಲಿಲ್ಲ. ಮೆರ್ಲೋ ಆಗ ಹೊರದೇಶಗಳಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ಹೆಸರು. ಕಾರ್ಮೆನೇರ್ ಎಂಬುದನ್ನು ಗ್ರಾಹಕರು ಕೇಳಿಯೇ ಇರಲಿಲ್ಲ. ಹೆಸರು ಬದಲಿಸಿದರೆ ಮಾರುಕಟ್ಟೆ ಕೈತಪ್ಪುವ ಭಯ, ಬದಲಿಸದಿದ್ದರೆ ತಪ್ಪು ಹೆಸರಿನಲ್ಲಿ ಮಾರಿದ ಆರೋಪ. ವಿನ್ಯಾ ಕಾರ್ಮೆನ್ ಮೊದಲಿಗೆ 'ಗ್ರಾಂಡ್ ವಿದೂರ್' ಎಂಬ ಹಳೆಯ ಹೆಸರನ್ನೇ ಸೀಸೆಯ ಮೇಲೆ ಮುದ್ರಿಸಿತು. 1998ರಲ್ಲಿ ಚಿಲಿ ಸರ್ಕಾರ ಕಾರ್ಮೆನೇರ್ ಅನ್ನು ಪ್ರತ್ಯೇಕ ತಳಿಯಾಗಿ ಮಾನ್ಯ ಮಾಡಿತು. ಎರಡೂ ಬಳ್ಳಿಗಳನ್ನು ಬೇರ್ಪಡಿಸಿ ಬೇರೆ ಬೇರೆ ಕಾಲದಲ್ಲಿ ಕೊಯ್ಯಲಾರಂಭಿಸಿದ ಮೇಲೆ ಎರಡು ವೈನ್‌ಗಳೂ ಸುಧಾರಿಸಿದವು.

ರುಚಿ

ಬಣ್ಣ ದಟ್ಟ ನೇರಳೆಗೆಂಪು. ಕರಿಯ ಹಣ್ಣುಗಳ ರುಚಿ, ಮೆಣಸಿನ ಘಾಟು, ಕೆಲವೊಮ್ಮೆ ಹೊಗೆ ಅಥವಾ ಕೋಕೋ ನೆನಪಿಸುವ ವಾಸನೆ ಇರುತ್ತದೆ. ಕ್ಯಾಬರ್ನೆ ಸೊವಿನ್ಯೋಂಗೆ ಹೋಲಿಸಿದರೆ ಒಗರು ಮೃದು, ಹುಳಿ ಕಡಿಮೆ. ಇದರ ವಿಶಿಷ್ಟ ಲಕ್ಷಣ ದೊಣ್ಣೆಮೆಣಸಿನಕಾಯಿಯ ವಾಸನೆ. ಇದು ಹೋಲಿಕೆಗಾಗಿ ಹೇಳುವ ಮಾತಲ್ಲ: ಮೆಥಾಕ್ಸಿಪಿರಜಿನ್ ವರ್ಗದ ಒಂದೇ ರಾಸಾಯನಿಕ ಎರಡರಲ್ಲೂ ಇದೆ. ಗೊಂಚಲು ಮಾಗಿದಂತೆ, ಅದರ ಮೇಲೆ ಬಿಸಿಲು ಬಿದ್ದಂತೆ ಇದರ ಪ್ರಮಾಣ ಇಳಿಯುತ್ತದೆ; ಹಾಗಾಗಿ ಬೆಳೆಗಾರರು ಗೊಂಚಲಿನ ಸುತ್ತಲಿನ ಎಲೆಗಳನ್ನು ಕೀಳುತ್ತಾರೆ. ವಾಸನೆ ಹಿತಮಿತವಾಗಿದ್ದರೆ ಗುಣ, ಮೂಗಿಗೆ ರಾಚುವಂತಿದ್ದರೆ ಹಣ್ಣು ಮಾಗದೆ ಕೊಯ್ದದ್ದರ ಕುರುಹು. ಅತಿಯಾಗಿ ಮಾಗಿಸಿದರೆ ಹುಳಿ ಸತ್ತು ವೈನ್ ಜಾಮಿನಂತೆ ಸಪ್ಪೆಸಿಹಿಯಾಗುತ್ತದೆ.

ಬೆಲೆ ಮತ್ತು ಆಯ್ಕೆ

ಬೋರ್ಡೋದ ಹೆಸರಾಂತ ಸೀಸೆಗಳಿಗೆ ಹೋಲಿಸಿದರೆ ಕಾರ್ಮೆನೇರ್ ಅಗ್ಗ. ನೆಚ್ಚಬಹುದಾದ ಒಣ ಹವೆ, ಬಹುಪಾಲು ತೋಟಗಳಲ್ಲಿ ಕಸಿಯ ಅಗತ್ಯವೇ ಇಲ್ಲದಿರುವುದು, ದೊಡ್ಡ ಪ್ರಮಾಣದ ಉತ್ಪಾದನೆ ಇದಕ್ಕೆ ಕಾರಣಗಳು. ಹೆಸರಿಗಾಗಿ ತೆರಬೇಕಾದ ಹಣ ಇಲ್ಲಿ ಇನ್ನೂ ಕಡಿಮೆ ಎಂಬುದೂ ನಿಜ. ಆದರೂ ಕೊಂಚಾ ಇ ತೊರೊ ಸಂಸ್ಥೆಯ 'ಕಾರ್ಮಿನ್ ದೆ ಪೆಉಮೊ', ಮೊಂತೆಸ್ ಸಂಸ್ಥೆಯ 'ಪರ್ಪಲ್ ಏಂಜಲ್' ದುಬಾರಿ ವರ್ಗಕ್ಕೆ ಸೇರಿವೆ.

ಸೀಸೆಯ ಚೀಟಿಯಲ್ಲಿ ಗಮನಿಸಬೇಕಾದದ್ದು ಊರಿನ ಹೆಸರು. 'ವಾಯೆ ಸೆಂಟ್ರಾಲ್' ಎಂದಷ್ಟೇ ಇದ್ದರೆ ದ್ರಾಕ್ಷಿ ಬಹು ವಿಶಾಲವಾದ ಪ್ರದೇಶದ ಯಾವ ಮೂಲೆಯಿಂದಲೂ ಬಂದಿರಬಹುದು. ಕೊಲ್ಚಾಗ್ವಾ, ಕಚಪೊಆಲ್, ಅದರೊಳಗಿನ ಪೆಉಮೊ ಮುಂತಾದ ಬೆಚ್ಚನೆಯ ಜಾಗಗಳ ಹೆಸರಿದ್ದರೆ ಚೆನ್ನಾಗಿ ಮಾಗಿದ ಹಣ್ಣನ್ನು ನಿರೀಕ್ಷಿಸಬಹುದು. 'ರಿಸರ್ವಾ' ಎಂಬ ಪದಕ್ಕೆ ಚಿಲಿಯಲ್ಲಿ ಸ್ಪೇನಿನಷ್ಟು ಕಟ್ಟುನಿಟ್ಟಾದ ಅರ್ಥವಿಲ್ಲ. ಅದನ್ನು ನಂಬಿ ಹೆಚ್ಚು ಹಣ ಕೊಡುವುದು ವಿವೇಕವಲ್ಲ. ಚಿಲಿಯ ನಿಯಮದಂತೆ ತಳಿಯ ಹೆಸರು ಹಾಕಲು ಶೇಕಡಾ 75ರಷ್ಟು ಆ ತಳಿಯಿದ್ದರೆ ಸಾಕು. ಉಳಿದ ಪಾಲು ಹೆಚ್ಚಾಗಿ ಹುಳಿ, ಒಗರು ತುಂಬಲು ಬೆರೆಸಿದ ಬೇರೆ ತಳಿಯದು. ಇದನ್ನು ಕಲಬೆರಕೆ ಎಂದು ತಿಳಿಯಬೇಕಿಲ್ಲ.

ಒಂದೇ ಬೆಲೆಯ ಮೆರ್ಲೋ ಮತ್ತು ಕಾರ್ಮೆನೇರ್ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ, ಹೆಸರು ಕಾಣದಂತೆ ಹೋಲಿಸಿ ನೋಡುವುದು ಈ ತಳಿಯನ್ನು ಅರಿಯಲು ಸುಲಭದ ದಾರಿ. ವೈನ್ ಸುಮಾರು 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಬೇಕು. ಉಷ್ಣವಲಯದ ಕೋಣೆಯ ಶಾಖದಲ್ಲಿ ಮದ್ಯಸಾರದ ಉರಿಯೇ ಮುಂದಾಗುತ್ತದೆ. ಅಗ್ಗದ ಸೀಸೆಗಳನ್ನು ಕೆಲವು ವರ್ಷಗಳೊಳಗೆ ಬಳಸುವುದು ಲೇಸು.

ಇತರ ದೇಶಗಳಲ್ಲಿ

ಇಟಲಿಯ ಈಶಾನ್ಯ ಭಾಗದಲ್ಲಿ ಇದನ್ನು ಬಹುಕಾಲ ಕ್ಯಾಬರ್ನೆ ಫ್ರಾಂಕ್ ಎಂದು ತಿಳಿಯಲಾಗಿತ್ತು. ಚೀನಾದಲ್ಲಿ 'ಕ್ಯಾಬರ್ನೆ ಗೆರ್ನಿಷ್ಟ್' ಎಂಬ ಹೆಸರಿನಲ್ಲಿ ಬೆಳೆಯುತ್ತಿರುವ ತಳಿಯೂ ಕಾರ್ಮೆನೇರ್ ಎಂದು ವಂಶವಾಹಿ ಅಧ್ಯಯನಗಳು ತೋರಿಸಿವೆ. ಬೋರ್ಡೋದಲ್ಲಿ ಇದಕ್ಕೆ ಈಗಲೂ ಕಾನೂನಿನ ಅನುಮತಿಯಿದೆ, ಬೆಳೆಯುವವರು ವಿರಳ.