ನೆಪೆಂಥಿಸ್ ರಾಜಾ

ನೆಪೆಂಥಿಸ್ ರಾಜಾ ಬೋರ್ನಿಯೋ ದ್ವೀಪದ ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಹೂಜಿಗಿಡ. ಮಲೇಷ್ಯಾದ ಸಬಾ ರಾಜ್ಯದಲ್ಲಿರುವ ಕಿನಬಾಲು ಪರ್ವತ ಮತ್ತು ಅದರ ನೆರೆಯ ತಂಬುಯುಕೋನ್ ಬೆಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇದು ಇಲ್ಲ. ಹ್ಯೂ ಲೋ 1858ರಲ್ಲಿ ಕಿನಬಾಲುವಿನಿಂದ ತಂದ ಮಾದರಿಗಳನ್ನು ಪರಿಶೀಲಿಸಿ, ಸಸ್ಯವಿಜ್ಞಾನಿ ಜೋಸೆಫ್ ಡಾಲ್ಟನ್ ಹುಕರ್ 1859ರಲ್ಲಿ ಈ ಪ್ರಭೇದವನ್ನು ವಿವರಿಸಿದರು. ಸರವಾಕ್‌ನ ಆಗಿನ ದೊರೆ ಜೇಮ್ಸ್ ಬ್ರೂಕ್ ಅವರ ಗೌರವಾರ್ಥ ಇಟ್ಟ ಹೆಸರಿದು.

ಸಮುದ್ರಮಟ್ಟದಿಂದ ಸುಮಾರು 1,500ರಿಂದ 2,650 ಮೀಟರ್ ಎತ್ತರದ ನಡುವೆ ಇದರ ನೆಲೆ. ಸದಾ ಮಂಜು ಕವಿಯುವ, ರಾತ್ರಿ ಚಳಿ ಹಿಡಿಯುವ ತೇವದ ಜಾಗಗಳವು. ಆದರೆ ಈ ಗಿಡದ ಬದುಕನ್ನು ನಿರ್ಧರಿಸುವುದು ಹವೆಯಷ್ಟೇ ಅಲ್ಲ, ಮಣ್ಣೂ ಹೌದು. ಸರ್ಪೆಂಟೈನ್ ಶಿಲೆ ಸವೆದು ಆದ ಈ ಮಣ್ಣಿನಲ್ಲಿ ನಿಕಲ್, ಕ್ರೋಮಿಯಂ, ಮೆಗ್ನೀಸಿಯಂ ಹೆಚ್ಚು. ಪೋಷಕಾಂಶ ತೀರಾ ಕಡಿಮೆ. ಹೆಚ್ಚಿನ ಗಿಡಗಳಿಗೆ ಇದು ಒಗ್ಗುವುದಿಲ್ಲ. ಹಾಗಾಗಿ ಪೈಪೋಟಿ ಕಡಿಮೆಯಿರುವ ಬಯಲು ಇಳಿಜಾರುಗಳಲ್ಲಿ, ನೀರು ಜಿನುಗುವ ಕಡೆಗಳಲ್ಲಿ ನೆಪೆಂಥಿಸ್ ರಾಜಾ ನೆಲೆಯೂರಿದೆ.

ಎಲೆಯನ್ನು ತಿರುಗಿಸಿ ನೋಡಿದರೆ ಇದನ್ನು ಸುಲಭವಾಗಿ ಗುರುತಿಸಬಹುದು: ಹೂಜಿಯನ್ನು ಹೊರುವ ಬಳ್ಳಿಯೆಳೆ ಎಲೆಯ ತುದಿಯಿಂದಲ್ಲ, ತುದಿಗಿಂತ ಸ್ವಲ್ಪ ಹಿಂದೆ, ಕೆಳಮೈಯಿಂದ ಹೊರಡುತ್ತದೆ. ನೆಲಕ್ಕೊರಗಿ ಕೂರುವ ಕೆಂಪು-ನೇರಳೆ ಹೂಜಿಗಳು 40 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲವು; ದೊಡ್ಡವು ಮೂರು ಲೀಟರಿಗೂ ಹೆಚ್ಚು ನೀರು ಹಿಡಿಯುತ್ತವೆ. ಬಾಯಿಗಿಂತ ಅಗಲವಾದ ಮುಚ್ಚಳ ಕಮಾನಿನಂತೆ ಮೇಲಕ್ಕೆ ಬಾಗಿ ನಿಂತಿರುತ್ತದೆ. ಗಂಡು ಹೂ, ಹೆಣ್ಣು ಹೂಗಳು ಬೇರೆ ಬೇರೆ ಗಿಡಗಳಲ್ಲಿ ಬಿಡುತ್ತವೆ.

ಇಲಿಯನ್ನು ಮುಳುಗಿಸಿ ಕೊಲ್ಲುವ ಗಿಡವೆಂದು ಇದು ಪ್ರಸಿದ್ಧ. ಸತ್ತ ಇಲಿಗಳು ಹೂಜಿಯಲ್ಲಿ ಸಿಕ್ಕಿರುವುದು ನಿಜ, ಆದರೆ ಅದು ಅಪರೂಪದ ಅವಘಡ. ನಿಜವಾದ ಸಂಬಂಧ ಇದಕ್ಕಿಂತ ಸೊಗಸಾಗಿದೆ. ಮುಚ್ಚಳದ ಒಳಮೈಯಲ್ಲಿ ಒಸರುವ ಮಕರಂದವನ್ನು ನೆಕ್ಕಲು ಹಗಲಲ್ಲಿ ತುಪಾಯಿಯಾ ಮೊಂಟಾನಾ ಎಂಬ, ಅಳಿಲನ್ನು ಹೋಲುವ ಚೂಪು ಮೂತಿಯ ಪ್ರಾಣಿ ಬರುತ್ತದೆ. ರಾತ್ರಿ ರಾಟಸ್ ಬಲುಯೆನ್ಸಿಸ್ ಎಂಬ ಬೆಟ್ಟದ ಇಲಿ. ಮುಚ್ಚಳದ ಮಕರಂದ ತಲುಪಬೇಕಾದರೆ ಪ್ರಾಣಿ ಹೂಜಿಯ ಬಾಯಂಚಿನ ಮೇಲೆ ಕೂರಲೇಬೇಕು, ಅಷ್ಟು ಸರಿಯಾದ ಅಳತೆ ಅದು. ಅಲ್ಲಿ ಕೂತು ತಿನ್ನುತ್ತಲೇ ಅದು ಹಾಕುವ ಹಿಕ್ಕೆ ನೇರ ಹೂಜಿಯೊಳಕ್ಕೆ ಬೀಳುತ್ತದೆ. ಬರಡು ಮಣ್ಣು ಕೊಡದ ಸಾರಜನಕ ಗಿಡಕ್ಕೆ ಹೀಗೆ ದಕ್ಕುತ್ತದೆ. ಇರುವೆಯಂಥ ಕೀಟಗಳನ್ನೂ ಗಿಡ ಹಿಡಿದು ಜೀರ್ಣಿಸಿಕೊಳ್ಳುತ್ತದೆ. ಆದರೆ ಅದೇ ಹೂಜಿಯ ನೀರಿನಲ್ಲಿ ಕ್ಯೂಲೆಕ್ಸ್ ರಾಜಾ ಎಂಬ ಸೊಳ್ಳೆಯ ಮರಿಗಳು ಜೀರ್ಣವಾಗದೆ ಬೆಳೆಯುತ್ತವೆ.

ಇಷ್ಟು ಕಿರಿದಾದ ನೆಲೆಯ ಗಿಡಕ್ಕೆ ಅಪಾಯಗಳೂ ಹತ್ತಿರವೇ ಇವೆ. ಸಂಗ್ರಾಹಕರ ಕಳ್ಳಸಾಗಣೆ ದೊಡ್ಡ ಕಾಟ. 1964ರಲ್ಲಿ ಸ್ಥಾಪನೆಯಾಗಿ 2000ದಲ್ಲಿ ವಿಶ್ವ ಪರಂಪರೆಯ ತಾಣವಾದ ಕಿನಬಾಲು ಉದ್ಯಾನದೊಳಗೇ ಇದರ ನೆಲೆಗಳಿರುವುದು ಸಮಾಧಾನದ ಸಂಗತಿ. ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿ ಹೂಜಿಗಿಡಗಳ ಈ ಕುಲದಿಂದ ಎರಡೇ ಪ್ರಭೇದಗಳಿಗೆ ಸ್ಥಾನವಿದೆ: ಒಂದು ಇದು, ಇನ್ನೊಂದು ಮೇಘಾಲಯದ ಬೆಟ್ಟಗಳಲ್ಲಿರುವ, ಭಾರತದ ಏಕೈಕ ಸ್ಥಳೀಯ ನೆಪೆಂಥಿಸ್ ಆದ ನೆಪೆಂಥಿಸ್ ಖಾಸಿಯಾನಾ.