ಮೋರಪಂಖಿ ಪರದೆ, ಚೌಕ ಅಕ್ಷರ

ಅಕ್ಕಲಕೋಟ ಭಾಗದ ಕನ್ನಡ ಶಾಲೆಗಳಲ್ಲಿ ಕಲಿಸುವ ನಮಗೆ ಗಣಕಯಂತ್ರ ಎಂದೊಡನೆ ಮೊದಲು ನೆನಪಾಗುವುದು ಒಂದು ಬಣ್ಣ. ವಿಂಡೋಸ್ 95 ಇರಲಿ, 98 ಇರಲಿ, ತೆರೆದ ಕೂಡಲೇ ಪರದೆ ತುಂಬ ಹಸಿರೂ ಅಲ್ಲದ, ನೀಲಿಯೂ ಅಲ್ಲದ ಬಣ್ಣ. ಇಂಗ್ಲಿಷಿನಲ್ಲಿ ಟೀಲ್, ಸೋಲಾಪುರದ ಸೀರೆ ಅಂಗಡಿಯಲ್ಲಿ ಮೋರಪಂಖಿ ಎನ್ನುವುದಕ್ಕೆ ಹತ್ತಿರದ್ದು. ಮಕ್ಕಳು ಅದನ್ನು "ಕಂಪ್ಯೂಟರ್ ಬಣ್ಣರೀ ಸರ" ಎನ್ನುತ್ತಿದ್ದರು. ನಾವು ಆರಿಸುವ ಮೊದಲೇ ಯಂತ್ರದಲ್ಲಿ ಬಂದಿರುವ ಇಂಥದ್ದಕ್ಕೆ ಡೀಫಾಲ್ಟ್ ಎಂದು ಹೆಸರು.

1987ರಲ್ಲಿ ಐಬಿಎಂ ತಂದ ವಿಜಿಎ ಪದ್ಧತಿಯಲ್ಲಿ 640 ಅಡ್ಡ, 480 ಉದ್ದ ಚುಕ್ಕೆಗಳ ಪರದೆಗೆ ಒಮ್ಮೆಗೆ 16 ಬಣ್ಣ ಮಾತ್ರ. ಚುಕ್ಕೆಗೆ 4 ಬಿಟ್‌ನಂತೆ ಇಡೀ ಪರದೆಗೆ 1,53,600 ಬೈಟ್. 24 ಬಿಟ್ ಕೊಟ್ಟರೆ ಅದರ ಆರು ಪಟ್ಟು. (ಏಳನೆಯ ತರಗತಿಗೆ ಒಳ್ಳೆಯ ಲೆಕ್ಕ.) ಮೆಮೊರಿ ದುಬಾರಿಯಾಗಿದ್ದ ಕಾಲವದು. ಆ 16ರಲ್ಲಿ ಇಲ್ಲದ ಬಣ್ಣ ಬೇಕೆಂದರೆ ಇದ್ದ ಬಣ್ಣಗಳ ಚುಕ್ಕೆಗಳನ್ನೇ ಬೆರೆಸಿ ತೋರಿಸಬೇಕು, ಆಗ ಪರದೆ ಮರಳು ಮರಳಾಗಿ ಕಾಣುತ್ತಿತ್ತು. ಟೀಲ್ ಆ 16ರೊಳಗಿನದೇ: ಕೆಂಪು 0, ಹಸಿರು 128, ನೀಲಿ 128. ಅಗ್ಗದ ಯಂತ್ರದಲ್ಲೂ ಸಾಫಾಗಿ ಬರುತ್ತಿತ್ತು. ಮಗ್ಗಕ್ಕೆ ಏರಿಸಿದ ನೂಲಿನ ಬಣ್ಣಗಳಲ್ಲೇ ನವಿಲು, ಹೂವು ಮೂಡಿಸುವ ಸೋಲಾಪುರಿ ಚಾದರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಂಡೋಸ್ 2000ದಲ್ಲಿ ಪರದೆ ನೀಲಿಯಾಯಿತು. 2001ರ ಎಕ್ಸ್‌ಪಿಯಲ್ಲಿ ಹಸಿರು ಗುಡ್ಡ, ಬಿಳಿ ಮೋಡ. ಅದು ಬರೆದ ಚಿತ್ರವಲ್ಲ. ಚಾರ್ಲ್ಸ್ ಓರಿಯರ್ 1996ರಲ್ಲಿ ಕ್ಯಾಲಿಫೋರ್ನಿಯಾದ ದ್ರಾಕ್ಷಿ ಸೀಮೆಯಲ್ಲಿ ತೆಗೆದ ಫೋಟೋ. ನಮ್ಮ ಜಿಲ್ಲೆಯೂ ದ್ರಾಕ್ಷಿಯದೇ, ಅಂಥ ಹಸಿರು ಮಾತ್ರ ಮಳೆಗಾಲದಲ್ಲೂ ಅಪರೂಪ!

ಅಷ್ಟು ಚೆಂದದ ಪರದೆಯಲ್ಲಿ ಕನ್ನಡದ ಪುಟ ತೆರೆದರೆ ಕಂಡದ್ದು ಖಾಲಿ ಚೌಕಗಳ ಸಾಲು. ಮರಾಠಿಯ ದೇವನಾಗರಿಗೆ ವಿಂಡೋಸ್ 2000ದಲ್ಲೇ ಜಾಗ ಸಿಕ್ಕಿತ್ತು. ಕನ್ನಡ ಬಂದದ್ದು ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನೊಂದಿಗೆ. ಆದರೆ ತಾನಾಗಿ ಕಾಣಿಸುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಯ ವಿಭಾಗದಲ್ಲಿ ಒಂದು ಗುರುತು ಹಾಕಿ, ವಿಂಡೋಸ್ ಸಿಡಿ ಹಾಕಬೇಕಿತ್ತು. ನಮಗೆ ಯಂತ್ರ ಬಂತು, ಸಿಡಿ ಬರಲಿಲ್ಲ. ಕೊಟ್ಟವರನ್ನು ಕೇಳಿದರೆ, "ಇಂಗ್ಲಿಷ್ ಬರುತ್ತದಲ್ಲ, ಸಾಕು" ಎಂಬ ಉತ್ತರ. 1998ರಿಂದ ಲಭ್ಯವಿದ್ದ ಬರಹ ತಂತ್ರಾಂಶದಲ್ಲಿ ಅದರದೇ ಫಾಂಟಿನಿಂದ ಪ್ರಶ್ನೆಪತ್ರಿಕೆ ಸಿದ್ಧಪಡಿಸುತ್ತಿದ್ದೆವು, ಅಂತರ್ಜಾಲದ ಕನ್ನಡ ಮಾತ್ರ ಚೌಕವಾಗಿಯೇ ಉಳಿಯಿತು.

ಮಕ್ಕಳು ಒಂದೇ ವಾರದಲ್ಲಿ ಗುಡ್ಡ ತೆಗೆದು ತಮಗೆ ಬೇಕಾದ ಚಿತ್ರ ಹಾಕಿಕೊಂಡರು. ಬಣ್ಣ ಬದಲಿಸಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಕ್ಷರಕ್ಕಾಗಿ ಎರಡು ವರ್ಷ ಕಾದೆವು. ಕೊನೆಗೆ ಸೋಲಾಪುರದ ಗೆಳೆಯರೊಬ್ಬರು ಸಿಡಿ ತಂದರು.

2007ರ ವಿಸ್ತಾದಿಂದ ಆ ಗುರುತು ಹಾಕುವ ಕೆಲಸ ತಪ್ಪಿತು, ಕನ್ನಡ ಅಕ್ಷರ ತಾನಾಗಿ ಮೂಡುತ್ತದೆ. ಈಗಿನ ವಿಂಡೋಸ್‌ನಲ್ಲಿ ಮೆನುಗಳನ್ನೂ ಕನ್ನಡಕ್ಕೆ ತಿರುಗಿಸಬಹುದು, ಆದರೆ ನಮ್ಮ ಕೈಗೆ ಬರುವ ಯಂತ್ರ ಇಂಗ್ಲಿಷಿನಲ್ಲೇ ಇರುತ್ತದೆ. ಕಳೆದ ಸಲ ಹೊಸದು ಬಂದಾಗ, ವಾಲ್‌ಪೇಪರ್ ಮುಟ್ಟುವ ಮೊದಲೇ ಭಾಷೆಯ ಪುಟ ತೆರೆದು ಕುಳಿತೆವು.